ಸತ್ತ ಉಪಗ್ರಹಕ್ಕೊಂದು ಹರಿವಾಣ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿರುವವನ ಹಾಗೆ ನಟಿಸಿ ಎರಡು ಸಲ ಶುರು ಮಾಡಿದೆ. ಎರಡು ಸಲವೂ ಮುಗ್ಗರಿಸಿದೆ.

ಮೊದಲನೆಯ ಸಲ ಆಕಾಶದಿಂದ ಹೊರಟೆ: ‘ಭೂಮಿಯಿಂದ ಬಹಳ ಎತ್ತರದಲ್ಲಿ ಸತ್ತ ಉಪಗ್ರಹವೊಂದು ಉರುಳುತ್ತಿತ್ತು.’ ವಾಕ್ಯ ಗಂಭೀರವಾಗಿದೆ ಅನ್ನಿಸಿತು. ಆ ಖುಷಿಗೆ ಎದ್ದು ಹೋಗಿ ಕಾಫಿ ಕುಡಿದು ಬಂದೆ. ಎರಡನೆಯ ವಾಕ್ಯ ಬರಲಿಲ್ಲ. ಅಷ್ಟು ಎತ್ತರದಲ್ಲಿ ಮಾತಾಡಿಸೋಣ ಅಂದರೆ ಯಾರಿದ್ದಾರೆ?

ಎರಡನೆಯ ಸಲ ಕಣ್ಣೀರಿನಿಂದ ಹೊರಟೆ. ಸೈನ್ಯದಲ್ಲಿ ವೈರ್‌ಲೆಸ್ ನೋಡಿಕೊಳ್ಳುತ್ತಿದ್ದ ಚೆಲುವರಾಜು ಎಂಬ ತಂದೆ ಗಡಿಯಲ್ಲಿ ಕಾಣೆಯಾಗಿದ್ದಾರೆ. ಮಗಳು ವರ್ಷಿಣಿ ಬೋಗಾದಿಯ ತಾರಸಿಯ ಮೇಲೆ ಸೈನ್ಯದ ಹಳೆಯ ಡಿಶ್ ನಿಲ್ಲಿಸಿಕೊಂಡು, ಆಕಾಶದಲ್ಲಿ ಅಪ್ಪನ ದನಿ ಹುಡುಕುತ್ತಿದ್ದಾಳೆ. ಎರಡು ಪುಟ ಬರೆದೆ. ಓದಿಕೊಂಡು ನಾನೇ ಮೂಗೊರೆಸಿಕೊಂಡೆ. ಅಷ್ಟರಲ್ಲಿ ವರ್ಷಿಣಿಯೇ ಬಂದು ಎದುರಿಗೆ ಕೂತಳು. (ನನ್ನ ಪಾತ್ರಗಳು ಹೀಗೆ ಬರುತ್ತವೆ. ಗಾಬರಿಯಾಗಬೇಡಿ, ತಿಂಡಿ ಕೇಳುವುದಿಲ್ಲ.)

“ನಮ್ಮಪ್ಪ ಕಾಣೆಯಾಗಿಲ್ಲ ಕಣ್ರೀ,” ಅಂದಳು.

“ಮತ್ತೆ?”

“ಕುವೆಂಪುನಗರದ ಮನೇಲಿ ಟೀವಿ ನೋಡ್ತಾ ಕೂತಿದಾರೆ. ಮಿಲಿಟ್ರೀಲೂ ಇರ್ಲಿಲ್ಲ. ಸಿಟಿ ಬಸ್ ಡ್ರೈವರ್ ಆಗಿದ್ರು. ಕಾಣೆಯಾಗಿದ್ದು ಅಂದ್ರೆ ಒಂದೇ ಸಲ, ದಸರಾ ಡ್ಯೂಟೀಲಿ. ಅದೂ ಬಸ್ ಸಮೇತ.”

“ಹಾಗಾದ್ರೆ ನಿಮ್ಮ ಸಂಕಟ ಏನು?”

“ಪಕ್ಕದ ಸೈಟಲ್ಲಿ ಮನೆ ಕಟ್ತಿದಾರೆ.”

ಇದನ್ನು ಯಾರು ಕಥೆ ಎಂದು ಒಪ್ಪುತ್ತಾರೆ ಹೇಳಿ. ಮೈಸೂರಿನಲ್ಲಿ ಎಲ್ಲರ ಪಕ್ಕದ ಸೈಟಿನಲ್ಲೂ ಮನೆ ಕಟ್ಟುತ್ತಿದ್ದಾರೆ. ಆದರೆ ಅವಳ ಮುಖ ನೋಡಿದೆ. ಎರಡು ಪುಟ ಹರಿದು ಹಾಕಿದೆ.

೧ (ಮತ್ತೊಮ್ಮೆ, ಈ ಸಲ ನಿಜ)

ವರ್ಷಿಣಿಗೆ ಮೂವತ್ತು ದಾಟಿದೆ. ಹಗಲು ಕುವೆಂಪುನಗರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಿಸ್ಸು, ಮಿಕ್ಕ ಹೊತ್ತು ಕಲಾವಿದೆ. ಅಪ್ಪನ ಮನೆ ಸ್ಕೂಟರಿನಲ್ಲಿ ಹತ್ತು ನಿಮಿಷದ ದಾರಿಯಲ್ಲಿದ್ದರೂ ಬೋಗಾದಿಯಲ್ಲಿ ಮಹಡಿಯ ಮೇಲಿನ ಒಂಟಿ ರೂಮನ್ನು ಬಾಡಿಗೆಗೆ ಹಿಡಿದಿದ್ದಾಳೆ. ರೂಮಿನ ಆಸೆಗಲ್ಲ, ಅದರ ಮುಂದಿನ ತಾರಸಿಯ ಆಸೆಗೆ.

ಕಲಾಶಾಲೆಯಲ್ಲಿ ಜೊತೆಗೆ ಓದಿದವರು ಅವಳಿಗೆ ಇಟ್ಟ ಹೆಸರು ‘ಬಾಕಿ ವರ್ಷಿಣಿ’. ಕೈಗೆತ್ತಿಕೊಂಡದ್ದು ಒಂದೂ ಮುಗಿದದ್ದಿಲ್ಲ. ಕಲ್ಲಿನ ಎತ್ತಿಗೆ ತಲೆ ಬರಲಿಲ್ಲ, ತಂತಿಯ ಬಲೆ ಅರ್ಧಕ್ಕೆ ನಿಂತಿತು, ಹತ್ತು ಮುಖಗಳ ಸಾಲಿನಲ್ಲಿ ನಾಲ್ಕು ಮುಖ ಕಣ್ಣು ಬಿಡಲೇ ಇಲ್ಲ. ಅವಳು ಸೋಮಾರಿಯಲ್ಲ. ಕೊನೆ ಹತ್ತಿರ ಬಂದಾಗ ಅವಳಿಗೆ ಒಂದು ಥರದ ಕೈನಡುಕ ಶುರುವಾಗುತ್ತದೆ. (ಇದನ್ನು ನಾನು ಅರ್ಥ ಮಾಡಿಕೊಳ್ಳಬಲ್ಲೆ. ನನ್ನ ಮೇಜಿನ ಖಾನೆ ತೆಗೆದು ನೋಡಿದರೆ ನಿಮಗೂ ಅರ್ಥವಾಗುತ್ತದೆ.)

ಈ ಸಲ ಅವಳು ಆಣೆ ಇಟ್ಟುಕೊಂಡಿದ್ದಳು. ಇದೊಂದನ್ನು ಮುಗಿಸಿ ನಿಲ್ಲಿಸುತ್ತೇನೆ. ಇಲ್ಲವೆಂದರೆ ಎಲ್ಲವನ್ನೂ ಗುಜರಿಗೆ ಹಾಕಿ, ಇನ್ನು ಮೇಲೆ ಬರೀ ಡ್ರಾಯಿಂಗ್ ಮಿಸ್ಸಾಗಿ ಇರುತ್ತೇನೆ. ಈ ಆಣೆಯನ್ನು ದಯವಿಟ್ಟು ನೆನಪಿನಲ್ಲಿಡಿ. ಈ ಕಥೆಯಲ್ಲಿ ಪಣಕ್ಕೆ ಇಟ್ಟಿರುವುದು ಅದೊಂದೇ, ಯಾರೂ ಸಾಯುವುದಿಲ್ಲ.

‘ಇದೊಂದು’ ಅಂದರೆ ಏನು? ದೇವರಾಜ ಮೊಹಲ್ಲಾದ ಒಂದು ಸಂದಿಯಲ್ಲಿ ಮೋಹನ್ ಎಂಬವರ ಗುಜರಿ ಅಂಗಡಿ ಇದೆ. ಸೈನ್ಯದ ಹರಾಜಿನಲ್ಲಿ ಬಂದ ಸಾಮಾನು ಅಲ್ಲಿಗೂ ಬಂದು ಬೀಳುತ್ತದೆ. ವರ್ಷಿಣಿ ಅಲ್ಲಿಂದ ಎರಡು ವಸ್ತು ತಂದಳು. ಒಂದು, ಲಾರಿಯ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ ಡಿಶ್, ಪಾಚಿ ಬಣ್ಣದ್ದು, ಸೊಟ್ಟಗಾದ ಅಂಚಿನದು. ಇನ್ನೊಂದು, ಕ್ಯಾನ್ವಾಸ್ ಚೀಲದಲ್ಲಿದ್ದ ಯುದ್ಧಭೂಮಿಯ ಟೆಲಿಫೋನು, ಪಕ್ಕದಲ್ಲಿ ತಿರುಗಿಸುವ ಹಿಡಿ ಇರುವಂಥದ್ದು. ಡಿಶ್ಶನ್ನು ಆಕಾಶಕ್ಕೆ ತಿರುಗಿಸಿ, ಅದು ಹಿಡಿದದ್ದನ್ನು ಈ ಟೆಲಿಫೋನಿನ ರಿಸೀವರಿಗೆ ತಂದು ಬಿಟ್ಟಳು. ಒಂದು ಕಾಲದಲ್ಲಿ ‘ಹೊಡಿ’ ಎಂದೋ ‘ಹಿಂದೆ ಸರಿ’ ಎಂದೋ ಕೇಳಿಸುತ್ತಿದ್ದ ರಿಸೀವರು. ಈಗ ಅದನ್ನು ಕಿವಿಗಿಟ್ಟರೆ ಸತ್ತ ಉಪಗ್ರಹ ಕೇಳಿಸುತ್ತದೆ.

ನಿಜವಾಗಿಯೂ ಸತ್ತದ್ದು. ಯಾವುದೋ ದೇಶದ ಸೈನ್ಯ, ಅವಳು ಹುಟ್ಟುವುದಕ್ಕೂ ಎಷ್ಟೋ ಮುಂಚೆ, ಗುಟ್ಟಿನ ಮಾತು ಸಾಗಿಸಲೆಂದು ಹಾರಿಬಿಟ್ಟಿತ್ತು. (ಯಾವ ದೇಶ ಎಂದು ಕೇಳಬೇಡಿ. ಈ ಉಪಗ್ರಹವನ್ನು ಕಟ್ಟಿದವನು ನಾನು. ಇಂಥವು ಇವೆ ಎನ್ನುವುದಷ್ಟೇ ನಿಜ.) ಅದರ ಬ್ಯಾಟರಿ ಸತ್ತಿದೆ, ಅದನ್ನು ಆಳುತ್ತಿದ್ದವರು ಕೈಬಿಟ್ಟಿದ್ದಾರೆ. ಆದರೆ ಉರುಳುತ್ತ ಉರುಳುತ್ತ ಅದರ ಮೈಮೇಲೆ ಬಿಸಿಲು ಬಿದ್ದ ಹೊತ್ತಿಗೆ ಒಳಗಿನ ಯಂತ್ರಕ್ಕೆ ಒಂದಿಷ್ಟು ಜೀವ ಬರುತ್ತದೆ. ಆಗ ಕೂಗುತ್ತದೆ. ನೆರಳು ಬಂದರೆ ಸುಮ್ಮನಾಗುತ್ತದೆ. ಮಾತಿಲ್ಲ, ಗುಟ್ಟಿಲ್ಲ. ಕುಕ್ಕರು ವಿಶಲ್ ಹಾಕುವ ಮೊದಲು ಎಳೆಯುವ ಉಸಿರಿನ ಥರ ಒಂದು ಸದ್ದು, ಏರುವುದು, ಇಳಿಯುವುದು. ಅಪ್ಪಣೆ ಸಾಗಿಸಲು ಹುಟ್ಟಿದ ಯಂತ್ರ ಈಗ ತನ್ನ ಮೇಲೆ ಬಿಸಿಲು ಬಿತ್ತು ಅನ್ನುವುದನ್ನು ಮಾತ್ರ ಹೇಳುತ್ತದೆ. ತನ್ನ ಕೃತಿಗೆ ಅವಳಿಟ್ಟ ಹೆಸರೂ ಅದೇ, ‘ಬಿಸಿಲು ಬಿತ್ತು’.

ಮೊದಲ ಸಲ ಅದು ಕೇಳಿಸಿದ ದಿನ ವರ್ಷಿಣಿ ರಿಸೀವರ್ ಹಿಡಿದುಕೊಂಡು ತಾರಸಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಅತ್ತಳು.

೨

ಉಪಗ್ರಹ ಬೋಗಾದಿಯ ಪಡುವಣ ಅಂಚನ್ನು ಸವರಿಕೊಂಡು ಹಾದುಹೋಗುತ್ತದೆ. ಆ ಅಂಚಿನಲ್ಲೇ, ಅವಳ ತಾರಸಿಯ ಪಕ್ಕಕ್ಕೆ, ಸದಾಶಿವಯ್ಯನವರ ಸೈಟು.

ಸದಾಶಿವಯ್ಯನವರದು ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ. ಒಳ್ಳೆಯ ಹೆಸರಿನ ಅಂಗಡಿ. ಈ ಕಡೆಯ ಅರ್ಧ ಮದುವೆಗಳ ಕೊಪ್ಪರಿಗೆ ಅಲ್ಲಿಂದಲೇ ಹೋಗುತ್ತದೆ. ಅಂಗಡಿಯ ಮೇಲಿನ ಕತ್ತಲೆ ಮನೆಯಲ್ಲಿ ಒಂದು ಆಯುಸ್ಸು ಕಳೆದು, ಈಗ ಗಾಳಿ ಬೆಳಕು ಬೇಕು ಎಂದು ಅವರೂ ಅವರ ಹೆಂಡತಿ ಪುಟ್ಟಬಸಮ್ಮನವರೂ ಬೋಗಾದಿಯಲ್ಲಿ ಮನೆ ಎಬ್ಬಿಸುತ್ತಿದ್ದರು. ಪಾಯ ಬಂತು, ಗೋಡೆ ಬಂತು, ಮೋಲ್ಡ್ ಬಂತು, ಅದರ ಮೇಲೆ ಮತ್ತೆ ಗೋಡೆ ಬಂತು. ಅವರ ಮನೆ ಏರಿದಷ್ಟೂ ವರ್ಷಿಣಿಯ ಆಕಾಶ ಕಮ್ಮಿಯಾಗುತ್ತ ಬಂತು. ಎರಡನೆಯ ಮಹಡಿಗೆ ಮೋಲ್ಡ್ ಹಾಕಿದ ದಿನ ರಿಸೀವರಿನಲ್ಲಿ ಬರೀ ಸೊಯ್ ಅನ್ನುವ ಸದ್ದು ಉಳಿಯಿತು.

(ಡಿಶ್ಶನ್ನು ಬೇರೆ ಕಡೆ ಇಡಬಹುದಿತ್ತಲ್ಲ ಎನ್ನುವ ಜಾಣ ಓದುಗರಿಗೆ: ಮೂಡಣಕ್ಕೆ ಮನೆ ಮಾಲೀಕರ ನೀರಿನ ಟ್ಯಾಂಕು. ಸದಾಶಿವಯ್ಯನವರ ತಾರಸಿಯ ಮೇಲೇ ಇಡುತ್ತೇನೆ ಎಂದು ಅವಳು ಕೇಳಿಯೂ ನೋಡಿದಳು. “ನೋಡಮ್ಮ, ನಾನು ಕಟ್ತಿರೋದು ಮನೆ, ಏರೋಡ್ರಮ್ ಅಲ್ಲ,” ಅಂದರು.)

೩

ಸದಾಶಿವಯ್ಯನವರಿಗೆ ಶಿವಕಿರಣ್ ಎಂಬ ಮಗನನ್ನು ಹುಟ್ಟಿಸಿ, ಅವನನ್ನು ಇಂಜಿನಿಯರ್ ಮಾಡಿ, ಇಟ್ಟಿಗೆ ರಾಶಿಯ ಹತ್ತಿರ ವರ್ಷಿಣಿಗೆ ಡಿಕ್ಕಿ ಹೊಡೆಸಿ

೩ (ಹರಿದು ಹಾಕಿದೆ. ವರ್ಷಿಣಿ ಚಪ್ಪಲಿ ಕಡೆ ನೋಡಿದಳು.)

೪

ಆಮೇಲೆ ಒಂದು ಬೆಳಿಗ್ಗೆ ಪುಟ್ಟಬಸಮ್ಮನವರು ಮೆಟ್ಟಿಲು ಹತ್ತಿ ವರ್ಷಿಣಿಯ ತಾರಸಿಗೇ ಬಂದರು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಏನೂ ಇಲ್ಲ. ಅಕ್ಕಪಕ್ಕದವರ ಮನೆಗೆ ಬರಿಗೈಯಲ್ಲಿ ಹೋಗುವವರಲ್ಲ ಅವರು. ಬಂದದ್ದು ಜಗಳಕ್ಕೆ ಎನ್ನುವುದು ಅಲ್ಲಿಗೇ ಗೊತ್ತಾಯಿತು.

“ಏನಮ್ಮ ಇದು? ನಮ್ಮನೆ ಕಡೀಕೇ ಬಾಯಿ ಬುಟ್ಕೊಂಡು ಕೂತದೆ.”

“ಡಿಶ್ ಅಮ್ಮ. ಹಳೇದು.”

“ಡಿಸ್ಸು ನನಗೂ ಗೊತ್ತು. ನಮ್ಮ ಟೀವಿದು ಒಂದು ತಟ್ಟೆಯಷ್ಟದೆ. ಇದು ನೋಡು ಎಂಗದೆ. ಇದು ಬಂದ ಮ್ಯಾಕೆ ಮೋಲ್ಡ್ ದಿವ್ಸ ಮಿಕ್ಸರ್ ಕೆಟ್ಟೋಯ್ತು. ಗಾರೆ ಮೇಸ್ತ್ರಿ ಸಾರುವೆಯಿಂದ ಜಾರಿ ಕಾಲು ಉಳುಕಿಸ್ಕೊಂಡ. ನಮ್ಮ ಯಜಮಾನ್ರಿಗೆ ಬೀಪಿ.”

ವರ್ಷಿಣಿ ತಾಳ್ಮೆಯಿಂದ ಹೇಳಿದಳು. “ಇದ್ರಿಂದ ಏನೂ ಹೊರಗೆ ಬರಲ್ಲ ಅಮ್ಮ. ಕಿರಣ ಇಲ್ಲ, ಕರೆಂಟ್ ಇಲ್ಲ. ಮೇಲಿಂದ ಬರೋದನ್ನ ಹಿಡ್ಕೊಳ್ಳುತ್ತೆ, ಅಷ್ಟೆ.”

“ಅದನ್ನೇ ನಾನೂ ಯೋಳ್ತಿರೋದು. ಏನಾದ್ರೂ ಬುಡೋದಾಗಿದ್ರೆ ಬುಡ್ಲಿ ಅಂತ ಸುಮ್ಕಿರ್ತಿದ್ದೆ. ಇದು ಎಳ್ಕತಾ ಅದೆ. ನಮ್ಮನೆ ಏಳಿಗೇನೆಲ್ಲ ಎಳ್ಕತಾ ಅದೆ.”

(ನಿಮ್ಮಲ್ಲಿ ಯಾರಾದರೂ ವಿಜ್ಞಾನ ಓದಿದವರಿದ್ದರೆ, ಹಿಡಿದುಕೊಳ್ಳುವುದಕ್ಕೂ ಎಳೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಪುಟ್ಟಬಸಮ್ಮನವರಿಗೆ ಒಪ್ಪಿಸಿ ನೋಡಿ.) ವರ್ಷಿಣಿಗೂ ಸಿಟ್ಟಿತ್ತು. “ನಿಮ್ಮನೆಯಿಂದ ನನ್ನ ಕೆಲಸ ಹಾಳಾಗಿದೆ ಅಮ್ಮ,” ಅಂದಳು. “ನಿನ್ನ ಕೆಲಸದಿಂದ ನಮ್ಮನೆ ಹಾಳಾಗ್ತದೆ,” ಅಂದರು ಅವರು. ಇಬ್ಬರೂ ಬೆನ್ನು ತಿರುಗಿಸಿಕೊಂಡರು.

೫

ಕಟ್ಟುತ್ತಿರುವ ಮನೆಗೆ ದೃಷ್ಟಿಯಾಗದಿರಲಿ ಎಂದು ಎಲ್ಲರೂ ಏನಾದರೊಂದು ನೇತುಹಾಕುತ್ತಾರೆ. ಹುಲ್ಲಿನ ಬೆದರುಗೊಂಬೆ, ಮೂತಿ ಬರೆದ ಬೂದುಗುಂಬಳ, ಹಳೆಯ ಚಪ್ಪಲಿ. ಸಾಮಾನ್ಯ ಕಣ್ಣಿಗೆ ಇಷ್ಟು ಸಾಕು. ಆದರೆ ಇಲ್ಲಿ ಎದುರಿಗಿದ್ದದ್ದು ಬಾಗಿಲಗಲದ ಕಣ್ಣು. ಪುಟ್ಟಬಸಮ್ಮನವರು ಗಂಡನ ಅಂಗಡಿಯಿಂದ ಅನ್ನ ಸುರಿಯುವ ಅಲ್ಯೂಮಿನಿಯಂ ಹರಿವಾಣ ತರಿಸಿದರು, ಇಬ್ಬರು ಹಿಡಿದು ಎತ್ತಬೇಕಾದಂಥದ್ದು. ಅದರ ಹಿಂಬದಿಗೆ ಪೇಂಟರಿನಿಂದ ಕೆಂಪು ನಾಲಿಗೆ, ಕೋರೆಹಲ್ಲು, ಹುರಿಮೀಸೆ ಬರೆಸಿದರು. ತಾರಸಿಯ ಮೂಲೆಯಲ್ಲಿ ಸರ್ವೆ ಗಳ ನೆಟ್ಟು ಅದರ ತುದಿಗೆ ಕಟ್ಟಿಸಿದರು.

ಕಟ್ಟಿದವನು ತಿರುಗುಮುರುಗಾಗಿ ಕಟ್ಟಿದ. ಮೂತಿ ಪಡುವಣಕ್ಕೆ, ಬಯಲಿನ ಕಡೆಗೆ ಹೋಯಿತು. ಹರಿವಾಣದ ಹೊಳೆಯುವ ಒಳಗುಳಿ ವರ್ಷಿಣಿಯ ಡಿಶ್ಶಿನ ಎದುರಿಗೆ ಬಂತು. ಪುಟ್ಟಬಸಮ್ಮನವರು ಕೆಳಗಿನಿಂದ ನೋಡಿ, “ಅಂಗೇ ಇರ್ಲಿ ಬುಡು, ಹೊಳಪಿಗೇ ಕಣ್ಣು ಕುಕ್ಕತದೆ,” ಅಂದರು. ಆಮೇಲೆ ಗಾಳಿಗೆ ಅದು ಒಂದಷ್ಟು ವಾಲಿಕೊಂಡು ನಿಂತಿತು.

ಮಾರನೆಯ ದಿನ, ಬೇರೇನೂ ಕೆಲಸವಿಲ್ಲದೆ ವರ್ಷಿಣಿ ರಿಸೀವರ್ ಎತ್ತಿದಳು.

ಕೂಗು ಇತ್ತು.

ತೆಳ್ಳಗೆ, ಸ್ವಲ್ಪ ನಡುಗುತ್ತ, ಆದರೆ ಇತ್ತು. ಅವಳು ತಂತಿ ನೋಡಿದಳು, ಡಿಶ್ ನೋಡಿದಳು, ಕೊನೆಗೆ ತಲೆಯೆತ್ತಿ ಹರಿವಾಣ ನೋಡಿದಳು. ಗೋಡೆಯ ಆಚೆಗೆ ಬಿದ್ದದ್ದನ್ನು ಅದು ಈಚೆಗೆ ತಿರುಗಿಸಿ ಕೊಡುತ್ತಿತ್ತು. ಅವಳನ್ನು ತಡೆಯಲೆಂದು ಕಟ್ಟಿದ್ದೇ ಅವಳಿಗೆ ತಲುಪಿಸುತ್ತಿತ್ತು. (ಭೌತಶಾಸ್ತ್ರದ ಮೇಷ್ಟ್ರುಗಳು ಈ ಪ್ಯಾರಾವನ್ನು ಹಾರಿಸಿ ಓದಬಹುದು. ಹಾರಿಸಲಾಗದವರು ತಮ್ಮ ಅನುಮಾನವನ್ನು ಪಕ್ಕಕ್ಕಿಟ್ಟು ಹರಿವಾಣದ ಹೊಳಪು ನೋಡಿ.)

೬

ಇಲ್ಲಿಗೇ ಮುಗಿಸಬಹುದಿತ್ತು. ಜಾಣತನದ ಕಥೆ, ಒಳ್ಳೆಯ ತಿರುವು, ಪತ್ರಿಕೆಯವರು ಖುಷಿಯಿಂದ ಹಾಕಿಕೊಳ್ಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟೆ ಕೂಡ. ವರ್ಷಿಣಿ ಏಳಲಿಲ್ಲ.

“ಭಾನುವಾರ ಗಾರ್ಗಿ ಬರ್ತಾಳೆ,” ಅಂದಳು.

ಗಾರ್ಗಿ ಅವಳ ಜೊತೆ ಕಲಾಶಾಲೆಯಲ್ಲಿ ಓದಿದವಳು, ‘ಬಾಕಿ ವರ್ಷಿಣಿ’ ಎಂಬ ಹೆಸರು ಇಟ್ಟವಳೂ ಅವಳೇ. ಈಗ ದೊಡ್ಡ ಕಲಾಪ್ರದರ್ಶನವೊಂದಕ್ಕೆ ಕೃತಿಗಳನ್ನು ಆರಿಸುವವಳು. ಬಂದು, ಕೇಳಿ, ಒಪ್ಪಿದರೆ ‘ಬಿಸಿಲು ಬಿತ್ತು’ ಮುಗಿದ ಹಾಗೆ. ಆಣೆ ತೀರಿದ ಹಾಗೆ.

“ಬರ್ಲಿ ಬಿಡಿ. ಸದ್ದು ಬರ್ತಿದೆಯಲ್ಲ.”

“ಭಾನುವಾರಾನೇ ಅವರ ಗೃಹಪ್ರವೇಶ.”

ಆಗ ನನಗೂ ಹೊಳೆಯಿತು. ಗೃಹಪ್ರವೇಶದ ಬೆಳಿಗ್ಗೆ ಬೂದುಗುಂಬಳ ಒಡೆದು ದೃಷ್ಟಿಗೆ ಕಟ್ಟಿದ್ದನ್ನು ಇಳಿಸಿಬಿಡುತ್ತಾರೆ. ಮುಗಿದ ಮನೆಯ ಮೇಲೆ ಅದನ್ನು ಉಳಿಸಿಕೊಳ್ಳುವಂತಿಲ್ಲ, ಅಪಶಕುನ. ಗಾರ್ಗಿ ಬರುವ ಹೊತ್ತಿಗೆ ಹರಿವಾಣ ಅಡುಗೆಭಟ್ಟರ ಕೈಯಲ್ಲಿರುತ್ತದೆ, ಅದರಲ್ಲಿ ಪುಳಿಯೋಗರೆ ಇರುತ್ತದೆ.

“ಒಂದು ಕೆಲಸ ಮಾಡಿ,” ಅಂದೆ. ನನಗೆ ಕಥೆ ಮುಗಿದರೆ ಸಾಕಾಗಿತ್ತು. “ಈಗ ಬರ್ತಿರೋದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. 
ಭಾನುವಾರ ಅದನ್ನೇ ರಿಸೀವರಿಗೆ ಬಿಡಿ. ಗಾರ್ಗಿಗೆ ಏನು ಗೊತ್ತಾಗುತ್ತೆ?”

“ನೀವು ಬರೆಯೋದೂ ಹೀಗೇನಾ?” ಅಂದಳು ವರ್ಷಿಣಿ.

(ಮೇಜಿನ ಖಾನೆಯನ್ನು ದಯವಿಟ್ಟು ಮುಚ್ಚಿ.) ಅವಳು ಬಿಡಲಿಲ್ಲ. “ಅದು ಸತ್ತು ಎಷ್ಟೋ ವರ್ಷ ಆಗಿದೆ. ಆದ್ರೂ ಅದು ಕೂಗ್ತಿರೋ ಹೊತ್ತಲ್ಲೇ ಇಲ್ಲಿ ನಾವು ಕೇಳ್ತಿರ್ತೀವಿ. ಅದಿಷ್ಟೇ ಇರೋದು ಇದ್ರಲ್ಲಿ. ರೆಕಾರ್ಡ್ ಹಾಕಿದ್ರೆ ಏನು ಉಳೀತು?”

ಆದರೂ ಅವಳು ರೆಕಾರ್ಡ್ ಮಾಡಿಟ್ಟುಕೊಂಡಳು. ಇರಲಿ ಅಂತ.

೭

ಶುಕ್ರವಾರ ಸಂಜೆ ವರ್ಷಿಣಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಪಕ್ಕದ ಮನೆಗೆ ಹೋದಳು. ಒಳಗೆ ಬಣ್ಣದ ವಾಸನೆ. ಪುಟ್ಟಬಸಮ್ಮನವರು ಹೊಸ ಅಡುಗೆಮನೆಯ ಕಟ್ಟೆಯನ್ನು ಸೆರಗಿನಿಂದ ಒರೆಸುತ್ತಿದ್ದರು. ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

“ಅಮ್ಮ, ಹರಿವಾಣ ಭಾನುವಾರ ಒಂದಿನ ಇಳಿಸ್ಬೇಡಿ,” ಅಂದಳು ವರ್ಷಿಣಿ ನೇರವಾಗಿ.

“ಯಾಕೆ?”

ಯಾಕೆ ಎಂದು ಹೇಳಿದಳು. ಎಲ್ಲವನ್ನೂ ಹೇಳಿದಳು, ಆಣೆಯನ್ನೂ, ಬಾಕಿ ವರ್ಷಿಣಿ ಅನ್ನುವ ಹೆಸರನ್ನೂ. ತಾನು ದೃಷ್ಟಿಗೆ ಕಟ್ಟಿದ್ದು ಆ ಡಿಶ್ಶಿಗೇ ಉಪಕಾರ ಮಾಡಿತು ಎಂದು ಕೇಳಿ ಪುಟ್ಟಬಸಮ್ಮನವರ ಮುಖ ಒಂದು ಕ್ಷಣ ಕೆಟ್ಟಿತು. ಆಮೇಲೆ ಅವರು ಸೆರಗು ಕೊಡವಿಕೊಂಡು, “ಏನ್ ಕೇಳಿಸ್ತದೆ, ತೋರ್ಸು ನಡಿ,” ಅಂದರು.

ಮಾರನೆಯ ದಿನ, ಉಪಗ್ರಹ ಹಾಯುವ ಹೊತ್ತಿಗೆ, ಅವರು ಡಿಶ್ಶಿನ ಪಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಬಂತು. ಅವರ ಹುಬ್ಬು ಕೂಡಿಕೊಂಡಿತು. ಏರಿತು, ಇಳಿಯಿತು, ಏರಿತು.

“ಸತ್ತೋಗದೆ ಅಂದ್ಯಲ್ಲ.”

“ಹೂಂ ಅಮ್ಮ.”

“ಯಾರ್ನ ಕರೀತದೆ?”

“ಯಾರನ್ನೂ ಇಲ್ಲ. ಬಿಸಿಲು ಬಿದ್ರೆ ಕೂಗುತ್ತೆ.”

ಪುಟ್ಟಬಸಮ್ಮನವರು ರಿಸೀವರನ್ನು ಕಿವಿಯಿಂದ ತೆಗೆಯಲಿಲ್ಲ. “ನಮ್ಮತ್ತೆ ಕಡೇಗಾಲದಲ್ಲಿ ಹಿಂಗೇ ಕಣವ್ವ,” ಅಂದರು. “ಆ ಕತ್ಲೆ ಮನೇಲಿ ಕಿಟಕಿ ಬಿಸ್ಲು ಒಂದ್ ಗಳಿಗೆ ಹಾಸ್ಗೆ ಮ್ಯಾಲೆ ಬೀಳೋದು. ಬಿದ್ದೇಟ್ಗೆ ಕೂಗೋರು. ನೀರು ಬೇಕಾ ಅಂದ್ರೆ ಇಲ್ಲ. ನೋವಾ ಅಂದ್ರೆ ಇಲ್ಲ. ಮೊದಮೊದ್ಲು ನಾನೂ ಓಡ್ ಓಡ್ ಬರ್ತಿದ್ದೆ. ಆಮ್ಯಾಕೆ ಅಡುಗೆ ಮನೇಲಿಂದ್ಲೇ ಊಂ ಅಂತಿದ್ದೆ. ಅಷ್ಟ್ ಕೇಳುದ್ರೆ ಸುಮ್ನಾಗೋರು. ಒಬ್ರು ಊಂ ಅಂದ್ರೆ ಸಾಕಾಗಿತ್ತು ಅವ್ರಿಗೆ.”

ಆಮೇಲೆ ಅವರು ರಿಸೀವರಿನ ಬಾಯಿಗೆ ಬಾಯಿಟ್ಟು, “ಊಂ,” ಅಂದರು.

“ಅದಕ್ಕೆ ಕೇಳಿಸಲ್ಲ ಅಮ್ಮ. ಇದ್ರಿಂದ ಏನೂ ಹೋಗಲ್ಲ, ಬರೋದು ಮಾತ್ರ.”

“ಗೊತ್ತು ಬುಡು. ನೀನೇ ಯೋಳಿದ್ಯಲ್ಲ.”

(ಅಜ್ಜಿಯರು ಕಥೆ ಹೇಳುವಾಗ ಕೇಳುವವರು ಹೂಂಗುಟ್ಟಬೇಕಿತ್ತು, ಇಲ್ಲದಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು. ಇದನ್ನು ನಾನು ಈಗ ಯಾಕೆ ನೆನಪಿಸಿಕೊಂಡೆನೋ ಗೊತ್ತಿಲ್ಲ. ನೀವು ಇಷ್ಟು ಹೊತ್ತಿನಿಂದ ಓದುತ್ತಿದ್ದೀರಿ, ಒಂದು ಸಲವೂ ಹೂಂ ಅಂದಿಲ್ಲ.)

೮

ಆದರೆ ಹರಿವಾಣವನ್ನು ಸುಮ್ಮನೆ ಉಳಿಸಿಕೊಳ್ಳುವ ಹಾಗಿಲ್ಲ. ಭಾನುವಾರ ಮಠದ ಸ್ವಾಮಿಗಳು ಬರುತ್ತಾರೆ, ಅವರ ಪಾದಪೂಜೆ ಇದೆ. ಬೀಗರು ಬರುತ್ತಾರೆ. ಮುಗಿದ ಮನೆಯ ನೆತ್ತಿಯ ಮೇಲೆ ಹುರಿಮೀಸೆಯ ಭೂತವನ್ನು ಕಂಡರೆ ಏನಂದಾರು? ಪುಟ್ಟಬಸಮ್ಮನವರು ನಿಯಮ ಮೀರುವ ಹೆಂಗಸಲ್ಲ. ಅವರು ಕೂತು ಯೋಚಿಸಿದರು. ಯೋಚಿಸಿ, ನಿಯಮದ ಒಳಗೇ ಒಂದು ದಾರಿ ಹುಡುಕಿದರು.

ಆ ಶನಿವಾರ ಸಂಜೆ ವರ್ಷಿಣಿಯ ತಾರಸಿಗೆ ಪಕ್ಕದ ಮನೆಯ ಮಾತು ಅಷ್ಟೂ ಕೇಳಿಸುತ್ತಿತ್ತು.

“ಆ ಮೂಲೆಗೆ ಪ್ಲಾಸ್ಟರಿಂಗ್ ಮಾಡಿಸ್ಬೇಡಿ,” ಅಂದರು ಪುಟ್ಟಬಸಮ್ಮನವರು.

“ಯಾವ ಮೂಲೆ?” ಸದಾಶಿವಯ್ಯನವರ ದನಿ.

“ಅರಿವಾಣದ ಕೆಳಗಡೆದು. ಇಟ್ಟಿಗೆ ಕಾಣ್ಲಿ.”

“ನಾಳೆ ಗೃಹಪ್ರವೇಶ ಕಣೇ. ಮೇಸ್ತ್ರಿ ಗಾರೆ ಕಲಸಿ ನಿಂತಿದಾನೆ.”

“ಅದಕ್ಕೇ ಯೋಳ್ತಿರೋದು. ಅಷ್ಟು ಜಾಗ ಬಾಕಿ ಇದ್ರೆ ಮನೆ ಮುಗಿದಂಗಾಗಕ್ಕಿಲ್ಲ. ಮುಗೀದಿದ್ ಮ್ಯಾಕೆ ಅರಿವಾಣ ಇಳ್ಸಂಗಿಲ್ಲ.”

ಸದಾಶಿವಯ್ಯನವರು, “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡೂ ಮಾಡಿ ನೋಡ್ದೆ. ಕಟ್ಟಿದ ಮನೇನ ಕೈಯಾರೆ ಬಾಕಿ ಬಿಡೋದು ಅಂತ ಮೂರನೇದೊಂದು ಇತ್ತಾ?” ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟ ಜಾಸ್ತಿ ಇತ್ತು. ಆ ಮನೆಯನ್ನು ಮುಗಿದದ್ದಾಗಿ ನೋಡಬೇಕೆಂದು ಅವರು ಬಹಳ ವರ್ಷ ಕಾದಿದ್ದರು.

“ಪೂರ್ತಿ ಮುಗಿದಿದ್ದಕ್ಕೇ ಕಣ್ಣು ಬೀಳೋದು,” ಅಂದರು ಪುಟ್ಟಬಸಮ್ಮನವರು. “ಮಗೀಗೆ ಕೆನ್ನೆ ಮ್ಯಾಲೆ ಕಪ್ಪಿಡಕ್ಕಿಲ್ವಾ? ಚೆಂದ ಕೆಡ್ಲಿ ಅಂತ ಇಡ್ತೀವಾ?”

ವರ್ಷಿಣಿ ಡಿಶ್ಶಿಗೆ ಒರಗಿ ಕೂತು ಇದನ್ನು ಕೇಳಿದಳು. ತಲೆಯಿಲ್ಲದ ಎತ್ತು, ಅರ್ಧ ಬಲೆ, ಕಣ್ಣು ಬಿಡದ ನಾಲ್ಕು ಮುಖ, ಎಲ್ಲ ನೆನಪಾದವು. ಅವಳು ಏನಂದುಕೊಂಡಳು ಎಂದು ನನಗೆ ಗೊತ್ತು. ಬರೆದರೆ ನೀತಿಪಾಠವಾಗುತ್ತದೆ, ಬರೆಯುವುದಿಲ್ಲ.

ಮೂಲೆ ಹಾಗೇ ಉಳಿಯಿತು. ಒಂದು ಚಾಪೆಯಗಲ ಕೆಂಪು ಇಟ್ಟಿಗೆ.

೯

ಈಗ ಮುಗಿಸುವ ಹೊತ್ತು. ನನ್ನ ಹತ್ತಿರ ಮೂರು ಮುಕ್ತಾಯಗಳಿವೆ.

ಅ) ಉಪಗ್ರಹ ಕೂಗುತ್ತದೆ. ಗಾರ್ಗಿ ಕಣ್ಣೊರೆಸಿಕೊಂಡು ವರ್ಷಿಣಿಯನ್ನು ತಬ್ಬಿಕೊಳ್ಳುತ್ತಾಳೆ. (“ಗಾರ್ಗಿ ತಬ್ಬಿಕೊಳ್ಳೋ ಪೈಕಿ ಅಲ್ಲ,” ಎಂದು ವರ್ಷಿಣಿ.)

ಆ) ಉಪಗ್ರಹ ಕೂಗುವುದಿಲ್ಲ. ಡಿಶ್ ಮೋಹನ್ ಅವರ ಗುಜರಿಗೆ ವಾಪಸು ಹೋಗುತ್ತದೆ. ಸೋಮವಾರ ಶಾಲೆಯಲ್ಲಿ ಮಕ್ಕಳು ಬಿಸಿಲಿನ ಚಿತ್ರ ಬರೆಯುತ್ತಿರುತ್ತಾರೆ. (“ಇದು ನಿಮಗೆ ಇಷ್ಟ, ಅಲ್ವಾ? ದುಃಖ ಬರೆದ್ರೆ ದೊಡ್ಡ ಲೇಖಕರು ಅಂತಾರೆ.”)

ಇ) ಇಷ್ಟು ದಿನ ಕೇಳಿಸುತ್ತಿದ್ದದ್ದು ಉಪಗ್ರಹವೇ ಅಲ್ಲ, ಪಕ್ಕದ ರಸ್ತೆಯ ಹಿಟ್ಟಿನ ಗಿರಣಿ ಎಂದು ಗೊತ್ತಾಗುತ್ತದೆ. (ಇದನ್ನು ಕೇಳಿ ಅವಳು ಎದ್ದು ಹೋದಳು. ನಾನು ಹಿಂದೆಯೇ ಓಡಿದೆ.)

ಓಡಿ ತಲುಪಿದಾಗ ಭಾನುವಾರ. ಪಕ್ಕದ ಮನೆಯ ಮುಂದೆ ಶಾಮಿಯಾನ. ಬೂದುಗುಂಬಳದ ಹೋಳುಗಳು ಬಾಗಿಲಲ್ಲಿ ಕೆಂಪಗೆ ಬಿದ್ದಿದ್ದವು. ಊಟಕ್ಕೆ ಕಾದ ಬೀಗರು ಕತ್ತೆತ್ತಿ ಹರಿವಾಣದ ಕಡೆ ಬೆರಳು ಮಾಡಿ ಕೇಳುತ್ತಿದ್ದರು. ರೇಷ್ಮೆ ಪಂಚೆಯ ಸದಾಶಿವಯ್ಯನವರು ಹಲ್ಲು ಕಚ್ಚಿಕೊಂಡು ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು: “ಕೆಲಸ ಇನ್ನೂ ಸ್ವಲ್ಪ ಬಾಕಿ ಇದೆ.”

ಮೇಲೆ, ತಾರಸಿಯಲ್ಲಿ, ಗಾರ್ಗಿ ರಿಸೀವರನ್ನು ಕಿವಿಗಿಟ್ಟುಕೊಂಡು ನಿಂತಿದ್ದಳು.

“ಏನೂ ಬರ್ತಿಲ್ವಲ್ಲೇ.”

“ಬರುತ್ತೆ, ಇರು.”

ಸೊಯ್ ಅನ್ನುವ ಸದ್ದು. ಹಾಯುವ ಹೊತ್ತು ಬಂದಿತ್ತು. ಹರಿವಾಣ ಹೊಳೆಯುತ್ತಿತ್ತು. ಕೆಲವು ಸಲ ಉಪಗ್ರಹ ಕೂಗುವುದಿಲ್ಲ, ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ವರ್ಷಿಣಿಯ ಕೈ ನಡುಗತೊಡಗಿತು, ಪ್ರತಿ ಸಲ ಕೊನೆಯಲ್ಲಿ ನಡುಗುವ ಹಾಗೆಯೇ. ಆ ಕೈ ಕುರ್ತಾದ ಜೇಬಿಗೆ ಹೋಯಿತು. ಜೇಬಿನಲ್ಲಿ ಫೋನಿತ್ತು, ಫೋನಿನಲ್ಲಿ ರೆಕಾರ್ಡಿತ್ತು. ತಂತಿ ಸಿಕ್ಕಿಸಿದರೆ ಸಾಕು. ಹಾಕಿಬಿಡಿ, ಅಂದೆ ನಾನು. ನನ್ನ ಮಾತು ಅವಳಿಗೆ ಚೆನ್ನಾಗಿ ಕೇಳಿಸಿತು.

“ಏನೇ ಇದು,” ಅಂದಳು ಗಾರ್ಗಿ. ದನಿಯಲ್ಲಿ ಕೊಂಕಿರಲಿಲ್ಲ, ಆಯಾಸವಿತ್ತು. “ಮುಗಿದಿದೆಯಾ, ಇಲ್ವಾ?”

ವರ್ಷಿಣಿ ಜೇಬಿನಿಂದ ಬರಿಗೈ ತೆಗೆದಳು. “ಬಾಕಿ ಇದೆ,” ಅಂದಳು. ಆ ಮಾತನ್ನು ಅವಳು ಈವರೆಗೆ ತಲೆಯೆತ್ತಿ ಹೇಳಿದ್ದೇ ಇಲ್ಲ.

ಅಷ್ಟರಲ್ಲಿ ಪುಟ್ಟಬಸಮ್ಮನವರು ಹೊಸ ಸೀರೆ ಸರಬರ ಮಾಡುತ್ತ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಬಾಳೆಲೆ ಪೊಟ್ಟಣ, ಅದರಲ್ಲಿ ಹೋಳಿಗೆ. ಪೊಟ್ಟಣವನ್ನು ವರ್ಷಿಣಿಯ ಕೈಗಿಟ್ಟು, ಗಾರ್ಗಿಯ ಕಡೆ ತಿರುಗಿ, “ಕೊಡಮ್ಮ ಇಲ್ಲಿ,” ಅಂದರು. ಗಾರ್ಗಿ ಕೊಟ್ಟಳು. ಅವರು ಸ್ಟೂಲಿನ ಮೇಲೆ ಕೂತು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡರು. ಕೆಳಗೆ ಊಟದ ಸಾಲಿನ ಗದ್ದಲ.

“ಊಂ,” ಅಂದರು ಪುಟ್ಟಬಸಮ್ಮನವರು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, “ಊಂ.”

ಗಾರ್ಗಿ ವರ್ಷಿಣಿಯನ್ನು ನೋಡಿದಳು. “ಅವರಿಗೆ ಏನಾದ್ರೂ ಕೇಳಿಸ್ತಿದೆಯಾ?” ಎಂದು ಪಿಸುಗುಟ್ಟಿದಳು.

ಇದಕ್ಕೆ ಉತ್ತರ ಕೊಡುವ ಪ್ಯಾರಾವನ್ನು ನಾನು ಬರೆದಿದ್ದೆ, ಚೆನ್ನಾಗಿಯೂ ಬಂದಿತ್ತು. ಪುಟ್ಟಬಸಮ್ಮನವರು ಕಣ್ಣು ಬಿಡದೆ ನನ್ನ ಕಡೆ ಕೈ ಮಾಡಿ, “ಅದ್ನ ಬುಡಪ್ಪ, ಅಷ್ಟು ಜಾಗ ಅಂಗೇ ಇರ್ಲಿ,” ಅಂದರು. ತೆಗೆದುಬಿಟ್ಟೆ. ಕೆಳಗೆ, ಹತ್ತನೆಯ ಭಾಗ ಇರಬೇಕಾದ ಜಾಗದಲ್ಲಿ, ಇಟ್ಟಿಗೆ ಕಾಣುತ್ತದೆ.

೧೦